ರಿವರ್ಸ್ ಗೇರಿಗೆ ಸೇರದ ಕ್ಯಾಮೆರಾ

ಮೋಟರ್‌ಹೋಮ್ ಎಂದರೆ ಬಸ್ಸಿನ ಅಥವಾ ಲಾರಿಯ ಚಾಸಿಯ ಮೇಲೆ ಕಟ್ಟಿದ ಮನೆ. ಒಲೆ, ಮಂಚ, ಬಚ್ಚಲು, ನೀರಿನ ಟ್ಯಾಂಕು ಎಲ್ಲವೂ ಅದರೊಳಗೇ ಇರುತ್ತವೆ. ಅಮೆರಿಕದಲ್ಲೂ ಕೆನಡಾದಲ್ಲೂ ಇದನ್ನು ಬರೀ ಹಣವಂತರ ಶೋಕಿ ಎನ್ನುವಂತಿಲ್ಲ. ಚಳಿಗಾಲ ಬಂತೆಂದರೆ ನಿವೃತ್ತ ದಂಪತಿಗಳು ಉತ್ತರದ ಹಿಮಕ್ಕೆ ಬೆನ್ನು ಹಾಕಿ, ಇಂಥ ಮನೆಯನ್ನೇ ಓಡಿಸಿಕೊಂಡು ಅರಿಜೋನಾಕ್ಕೋ ಫ್ಲಾರಿಡಾಕ್ಕೋ ಹೋಗಿ ತಿಂಗಳುಗಟ್ಟಲೆ ಬೀಡುಬಿಡುವುದು ಅಲ್ಲಿ ಮಾಮೂಲು. ದೊಡ್ಡ ಮೋಟರ್‌ಹೋಮ್ 12 ಮೀಟರ್ ಉದ್ದವಿರುತ್ತದೆ, ಕೆಲವು ಇನ್ನೂ ಹೆಚ್ಚು. ಅಗಲ ಎರಡೂವರೆ ಮೀಟರಿಗಿಂತ ತುಸು ಜಾಸ್ತಿ. ಇಷ್ಟು ದೊಡ್ಡ ಗಾಡಿಯನ್ನು ನಡೆಸಲು ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಕಾರಿನ ಲೈಸೆನ್ಸೇ ಸಾಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ 40 ಅಡಿ ಮೀರಿದ ಗಾಡಿಗೆ ಬೇರೆ ಪರವಾನಗಿ ಕೇಳುತ್ತವೆ. ಬಿಡಾರ ಹೂಡಿದ ಮೇಲೆ ಹಾಲು ತರಕಾರಿ ತರಲು ಈ ಮನೆಯನ್ನೇ ಎಬ್ಬಿಸಿಕೊಂಡು ಹೋಗಲಾಗುವುದಿಲ್ಲವಲ್ಲ, ಅದಕ್ಕೆಂದು ಅನೇಕರು ಒಂದು ಸಣ್ಣ ಕಾರನ್ನೋ ಜೀಪನ್ನೋ ಹಿಂದೆ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಇಂದು ನಾನು ಮಾತಾಡಲಿರುವುದು ಇಂಥ ಗಾಡಿಯ ಬೆನ್ನಿಗೆ ಹಾಕುವ ಕ್ಯಾಮೆರಾ ಕುರಿತು. ನನ್ನ ವಾದ ಇಷ್ಟೇ: ಹಿಂದಕ್ಕೆ ತೆಗೆಯುವಾಗ ಅರೆಗಳಿಗೆ ಹೊತ್ತಿ ಆರುವ ಕ್ಯಾಮೆರಾದಿಂದ ಮೋಟರ್‌ಹೋಮಿಗೆ ಅರ್ಧ ಪ್ರಯೋಜನವೂ ಇಲ್ಲ. ಗಾಡಿ ಮುಂದಕ್ಕೆ ಓಡುವಷ್ಟು ಹೊತ್ತೂ ಆ ಚಿತ್ರ ಚಾಲಕನ ಎದುರಿಗಿರಬೇಕು. ಹಿಂದೆ ಇನ್ನೊಂದು ವಾಹನವನ್ನು ಎಳೆಯುತ್ತಿದ್ದರಂತೂ ಅದಿಲ್ಲದೆ ಹೊರಡಲೇಬಾರದು.

ವಾಹನದ ಹಿಂದೆ ಕ್ಯಾಮೆರಾ ಇಡುವ ಯೋಚನೆ ಹುಟ್ಟಿದ್ದೇ ಮುಂದಕ್ಕೆ ಹೋಗುವವರಿಗಾಗಿ. 1956ರಲ್ಲಿ ಜನರಲ್ ಮೋಟರ್ಸ್ ಕಂಪನಿ ತನ್ನ ಪ್ರದರ್ಶನದಲ್ಲಿ ಬ್ಯೂಯಿಕ್ ಸೆಂಚುರಿಯನ್ ಎಂಬ ಮಾದರಿ ಕಾರನ್ನು ಜನರ ಮುಂದಿಟ್ಟಿತು. ಅದರ ಒಳಗಿನ ಹಿನ್ನೋಟದ ಕನ್ನಡಿಯ ಕೆಲಸವನ್ನು ಬಾಲದಲ್ಲಿದ್ದ ಟೆಲಿವಿಷನ್ ಕ್ಯಾಮೆರಾ ಮತ್ತು ಮುಂದಿನ ಪುಟ್ಟ ಪರದೆ ಮಾಡಬೇಕಿತ್ತು. ಆ ಕಾರು ಮಾರಾಟಕ್ಕೆ ಬರಲಿಲ್ಲ. 1991ರಲ್ಲಿ ಜಪಾನಿನಲ್ಲಿ ಟೊಯೋಟಾ ಸೋರರ್ ಕಾರಿನೊಡನೆ ಹಿಂಬದಿ ಕ್ಯಾಮೆರಾ ನಿಜವಾಗಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಅದು ಗಾಡಿ ನಿಲ್ಲಿಸಲು ನೆರವಾಗುವ ಸಾಧನವಾಗಿಬಿಟ್ಟಿತ್ತು. ಆಮೇಲೆ ಬಂದದ್ದು ಕಾನೂನು, ಅದರ ಹಿಂದೆ ಇದ್ದದ್ದು ಸಂಕಟದ ಸಂಗತಿ. ಮನೆಯಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ವಾಹನದಡಿ ಸಿಕ್ಕಿ ತೀರಿಕೊಂಡ ಎರಡು ವರ್ಷದ ಮಗು ಕ್ಯಾಮರನ್ ಗುಲ್ಬ್ರಾನ್‌ಸನ್ ಹೆಸರಿನಲ್ಲೇ 2008ರಲ್ಲಿ ಅಮೆರಿಕದಲ್ಲಿ ಕಾಯಿದೆಯಾಯಿತು. ಅದರ ಮೇರೆಗೆ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2014ರಲ್ಲಿ ನಿಯಮ ಹೊರಡಿಸಿತು. ಹೀಗೆ ಹಿಂದಕ್ಕೆ ಬರುವ ಸಣ್ಣ ವಾಹನಗಳಿಂದ ವರ್ಷಕ್ಕೆ ಸರಾಸರಿ 210 ಮಂದಿ ಸಾಯುತ್ತಾರೆ, 15,000 ಮಂದಿ ಗಾಯಗೊಳ್ಳುತ್ತಾರೆ, ಸತ್ತವರಲ್ಲಿ ಶೇಕಡ 31ರಷ್ಟು ಐದು ವರ್ಷದೊಳಗಿನ ಮಕ್ಕಳು ಎಂಬುದು ಆಗ ಇಲಾಖೆ ಕೊಟ್ಟ ಲೆಕ್ಕ. 2018ರ ಮೇ 1ರಿಂದ ಅಲ್ಲಿ ತಯಾರಾಗುವ ಹೊಸ ಕಾರುಗಳೆಲ್ಲಕ್ಕೂ ಹಿಂಬದಿ ಕ್ಯಾಮೆರಾ ಕಡ್ಡಾಯ. ಒಳ್ಳೆಯ ಕಾನೂನು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದರ ಜೊತೆಯಲ್ಲೇ ಒಂದು ಎಣಿಕೆಯೂ ಜನರ ತಲೆಯಲ್ಲಿ ಕೂತುಬಿಟ್ಟಿತು. ಹಿಂಬದಿ ಕ್ಯಾಮೆರಾ ಎಂದರೆ ರಿವರ್ಸ್ ಗೇರು ಹಾಕಿದಾಗ ಬರುವುದು, ಗೇರು ಬದಲಿಸಿದ ಮೇಲೆ ಹೋಗುವುದು ಎಂಬ ಎಣಿಕೆ ಅದು. ಕಾರಿಗೆ ಸರಿಯಾದ ಈ ಎಣಿಕೆಯನ್ನು ಮೋಟರ್‌ಹೋಮಿಗೂ ಹಾಗೆಯೇ ಹೊರಿಸಿದ್ದರಲ್ಲಿ ತಪ್ಪಿದೆ.

ಏಕೆ ಎಂದರೆ, ಕಾರಿನ ಚಾಲಕನಿಗೆ ಒಳಗಿನ ಕನ್ನಡಿಯಿದೆ, ಹಿಂದೆ ಗಾಜಿದೆ. ಮೋಟರ್‌ಹೋಮಿನ ಚಾಲಕನ ಬೆನ್ನ ಹಿಂದೆ ಅಡುಗೆಮನೆಯಿದೆ, ಅದರಾಚೆ ಮಲಗುವ ಕೋಣೆ, ಅದರಾಚೆ ಗೋಡೆ. ಅವನಿಗೆ ಉಳಿದದ್ದು ಎರಡು ಪಕ್ಕದ ಕನ್ನಡಿಗಳು ಮಾತ್ರ. ಅವು ಎಷ್ಟು ದೊಡ್ಡವಿದ್ದರೂ ಗಾಡಿಯ ಪಕ್ಕಗಳನ್ನು ತೋರಿಸುತ್ತವೆಯೇ ಹೊರತು ನೇರ ಹಿಂಭಾಗವನ್ನು ತೋರಿಸಲಾರವು. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಗಾಡಿ 12 ಮೀಟರ್ ಉದ್ದ, 2.6 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಕನ್ನಡಿಯ ಹೊರ ಅಂಚು ಗಾಡಿಯ ಮೈಯಿಂದ 30 ಸೆಂಟಿಮೀಟರ್ ಹೊರಗೆ ಚಾಚಿದೆ ಎನ್ನೋಣ. ಆ ಅಂಚಿನಿಂದ ಹೊರಟ ನೋಟದ ಗೆರೆ ಗಾಡಿಯ ಹಿಂದಿನ ಮೂಲೆಯನ್ನು ಸವರಿಕೊಂಡು ಹೋಗುವಾಗ 12 ಮೀಟರಿಗೆ 30 ಸೆಂಟಿಮೀಟರಿನಷ್ಟು ಒಳಕ್ಕೆ ವಾಲುತ್ತದೆ. ಗಾಡಿಯ ಅರ್ಧ ಅಗಲ 1.3 ಮೀಟರ್. ಅಷ್ಟು ಒಳಕ್ಕೆ ಬಂದು ಎಡಬಲದ ಎರಡು ಗೆರೆಗಳು ಒಂದನ್ನೊಂದು ಮುಟ್ಟಬೇಕಾದರೆ ಗಾಡಿಯ ಹಿಂದೆ ಸುಮಾರು 50 ಮೀಟರ್ ಸಾಗಬೇಕು. ಅಂದರೆ ನೇರ ರಸ್ತೆಯಲ್ಲಿ ಬೆನ್ನ ಹಿಂದೆ 50 ಮೀಟರ್ ಉದ್ದದ ಒಂದು ತ್ರಿಕೋನ ಯಾವ ಕನ್ನಡಿಗೂ ದಕ್ಕುವುದಿಲ್ಲ. ಒಂದು ಕಾರು ಅದರೊಳಗೆ ಸೇರಿಕೊಂಡು ಮೈಲಿಗಟ್ಟಲೆ ಬಾಲ ಹಿಡಿದು ಬಂದರೂ ಮುಂದಿನವನಿಗೆ ಸುಳಿವು ಸಿಗುವುದಿಲ್ಲ. ಸಾಮಾನ್ಯವಾಗಿ ಎರಡು ಮೀಟರ್ ಒಳಗಿನ ಅಗಲವಿರುವ ಎಳೆಯುವ ಕಾರೂ, ಗಾಡಿಯ ಬುಡಕ್ಕೇ ಅಂಟಿಕೊಂಡಿರುವುದರಿಂದ, ಪೂರ್ತಿ ಆ ತ್ರಿಕೋನದೊಳಗೇ ಅಡಗುತ್ತದೆ. ತಿರುವಿನಲ್ಲಿ ಒಮ್ಮೊಮ್ಮೆ ಅದರ ಮೂತಿಯೋ ಬಾಲವೋ ಕನ್ನಡಿಯಲ್ಲಿ ಇಣುಕಿ ಮರೆಯಾಗುತ್ತದೆ, ಅಷ್ಟೆ. ಕನ್ನಡಿ ಇನ್ನೂ ಸ್ವಲ್ಪ ಚಾಚಿದರೆ ತ್ರಿಕೋನ ಕುಗ್ಗುತ್ತದೆ, ನಿಜ, ಇಲ್ಲವಾಗುವುದಿಲ್ಲ. ಕನ್ನಡಿಯಿಂದಲೇ ಸಾಕು ಎನ್ನುವವರು ಈ ಲೆಕ್ಕಕ್ಕೆ ಮೊದಲು ಉತ್ತರ ಕೊಡಬೇಕು.

ಈಗ ಎಳೆಯುವ ವಿಚಾರಕ್ಕೆ ಬರೋಣ, ವಾದದ ತಿರುಳು ಇಲ್ಲೇ ಇದೆ. ಕಾರನ್ನು ಟ್ರೇಲರಿನ ಮೇಲೆ ಹೇರಿಕೊಂಡು ಹೋಗುವುದುಂಟು, ಮುಂದಿನ ಎರಡು ಚಕ್ರ ಮಾತ್ರ ಮೇಲೆತ್ತಿ ಎಳೆಯುವುದೂ ಉಂಟು. ಆದರೆ ಮೋಟರ್‌ಹೋಮಿನವರಿಗೆ ಅಚ್ಚುಮೆಚ್ಚಿನದು ನಾಲ್ಕೂ ಚಕ್ರ ನೆಲದ ಮೇಲೇ ಉರುಳುವಂತೆ ಕಬ್ಬಿಣದ ಟೋ ಬಾರಿನಿಂದ ಎಳೆಯುವ ವಿಧಾನ. ಕಟ್ಟುವುದೂ ಬಿಚ್ಚುವುದೂ ಸುಲಭ. ಈ ವಿಧಾನಕ್ಕೆ ಒಂದು ಕಟ್ಟುಪಾಡಿದೆ. ಹೀಗೆ ಕಟ್ಟಿದ ಮೇಲೆ ಗಾಡಿಯನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಮುಂದಕ್ಕೆ ಎಳೆಯುವಾಗ ಕಾರಿನ ಮುಂಚಕ್ರಗಳು ತಾವಾಗಿಯೇ ಎಳೆದ ದಿಕ್ಕಿಗೆ ತಿರುಗಿಕೊಳ್ಳುತ್ತವೆ. ಹಿಂದಕ್ಕೆ ನೂಕಿದರೆ ಅದೇ ಚಕ್ರಗಳು ಸಟಕ್ಕನೆ ಒಂದು ಪಕ್ಕಕ್ಕೆ ಹೊರಳಿ, ಕಾರು ಅಡ್ಡಡ್ಡ ಜರುಗಿ, ಟೋ ಬಾರು ಬಾಗುತ್ತದೆ. ಹಾಗಾಗಿ ಟೋ ಬಾರು ತಯಾರಿಸುವವರೆಲ್ಲ ಹಿಂದಕ್ಕೆ ತೆಗೆಯಬೇಡಿ, ಮೊದಲು ಕಾರು ಬಿಚ್ಚಿ ಎಂದೇ ಎಚ್ಚರಿಸುತ್ತಾರೆ. ಈಗ ಯೋಚಿಸಿ. ಹಿಂದೆ ಕಾರು ಕಟ್ಟಿರುವಷ್ಟು ಹೊತ್ತೂ ಈ ಗಾಡಿಗೆ ರಿವರ್ಸ್ ಗೇರು ಇದ್ದೂ ಇಲ್ಲದ ಹಾಗೆ. ರಿವರ್ಸ್ ಹಾಕಿದಾಗ ಮಾತ್ರ ಹೊತ್ತುವ ಕ್ಯಾಮೆರಾ ಪ್ರಯಾಣದುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಅತ್ಯಂತ ಹೆಚ್ಚು ಕಾವಲು ಬೇಕಾದ ಹೊತ್ತಿನಲ್ಲಿ ಕಾವಲುಗಾರನನ್ನು ನಾವೇ ಮಲಗಿಸಿದಂತಾಯಿತು.

ಕಾವಲು ಏತಕ್ಕೆ ಬೇಕು ಎಂದು ಕೇಳಬಹುದು. ದೊಡ್ಡ ಡೀಸೆಲ್ ಮೋಟರ್‌ಹೋಮ್ ಹದಿನೈದು ಟನ್ ಆಸುಪಾಸಿನಲ್ಲಿ ತೂಗುತ್ತದೆ, ಹಿಂದಿನ ಕಾರು ಒಂದೂವರೆಯಿಂದ ಎರಡು ಟನ್. ಹತ್ತನೆಯ ಒಂದು ಭಾಗದಷ್ಟಿರುವ ಈ ಬಾಲಕ್ಕೆ ಏನಾದರೂ ಮುಂದೆ ಕೂತವನ ಕೈಗಾಗಲಿ ಕಾಲಿಗಾಗಲಿ ತಿಳಿಯುವುದೇ ಇಲ್ಲ. ಕಾರಿನ ಟೈರು ಪಂಕ್ಚರಾದರೆ ಸ್ಟೇರಿಂಗ್ ಅಲುಗುವುದಿಲ್ಲ, ಇಂಜಿನ್ ಮುಲುಗುವುದಿಲ್ಲ. ಗಾಳಿ ಹೋದ ಟೈರು ಉಜ್ಜಿ ಉಜ್ಜಿ ಕಾದು, ಚಿಂದಿಯಾಗಿ, ಬರಿಯ ರಿಮ್ಮು ರಸ್ತೆಗೆ ತಾಗಿ ಕಿಡಿ ಹಾರುತ್ತಿದ್ದರೂ ಮುಂದೆ ಹಾಡು ಕೇಳಿಕೊಂಡು ಹೋಗುತ್ತಿರಬಹುದು. ಕಾರು ನಿಲ್ಲಿಸಲು ಅದರದೇ ಬ್ರೇಕ್ ಪೆಡಲನ್ನು ಒತ್ತುವ ಸಾಧನವೊಂದನ್ನು ಇಟ್ಟಿರುತ್ತಾರೆ, ಅನೇಕ ರಾಜ್ಯಗಳಲ್ಲಿ ತೂಕ ಒಂದು ಮಿತಿ ದಾಟಿದರೆ ಅದು ಕಡ್ಡಾಯ. ಆ ಸಾಧನ ಒತ್ತಿದ ಪೆಡಲನ್ನು ಬಿಡದೆ ಹಿಡಿದುಕೊಂಡರೆ ಬ್ರೇಕು ಸುಟ್ಟು ಹೊಗೆಯಾಡುತ್ತದೆ. ಹೊರಡುವ ಮುನ್ನ ಸ್ಟೇರಿಂಗ್ ಲಾಕ್ ಬಿಡಿಸಲು ಮರೆತಿದ್ದರೆ ಮೊದಲ ತಿರುವಿನಲ್ಲೇ ಮುಂಚಕ್ರಗಳು ತಿರುಗದೆ ಅಡ್ಡಕ್ಕೆ ಜಾರುತ್ತವೆ. ಗೇರು ನ್ಯೂಟ್ರಲ್‌ಗೆ ಬರದಿದ್ದರೆ ಹಾಳಾಗುವುದು ಗೇರ್‌ಬಾಕ್ಸು, ಕೆಲವೊಮ್ಮೆ ಇಂಜಿನ್ನೂ. ಎಳೆಯುವವರಿಗೆ ಬಹಳ ಪ್ರಿಯವಾದ ಜೀಪ್ ರ‍್ಯಾಂಗ್ಲರ್‌ಗೆ ಇನ್ನೊಂದು ಕಾಯಿಲೆಯೂ ಉಂಟು. ರಸ್ತೆಯ ಒಂದು ಗುಂಡಿಯೋ ಉಬ್ಬೋ ಸಾಕು, ಅದರ ಮುಂಚಕ್ರಗಳು ಒಮ್ಮೊಮ್ಮೆ ಎಡಕ್ಕೂ ಬಲಕ್ಕೂ ರಭಸವಾಗಿ ಅದುರತೊಡಗುತ್ತವೆ. ವೇಗ ಇಳಿಸುವವರೆಗೆ ಅದು ನಿಲ್ಲುವುದಿಲ್ಲ. ಜೀಪಿನೊಳಗೆ ಕೂತವನಾದರೆ ಆ ಅದುರಿಗೆ ಗಾಬರಿಯಾಗಿ ಕೂಡಲೇ ಬ್ರೇಕು ಒತ್ತುತ್ತಾನೆ. ಎಳೆದುಕೊಂಡು ಹೋಗುವಾಗ ಅದರೊಳಗೆ ಯಾರೂ ಇಲ್ಲ. ಹೊಗೆ, ಕಿಡಿ, ಅದುರು, ವಾಲಿದ ಮೂತಿ, ತಿರುಗದ ಚಕ್ರ, ಇವೆಲ್ಲವೂ ಕಣ್ಣಿಗೆ ಕಾಣುವಂಥವೇ. ನೋಡುವ ಕಣ್ಣೊಂದು ಅಲ್ಲಿರಬೇಕು. ಪಕ್ಕದಲ್ಲಿ ಸಾಗುವ ಯಾರೋ ಪುಣ್ಯಾತ್ಮರು ಹಾರ್ನ್ ಮಾಡಿ ಕೈಸನ್ನೆ ಮಾಡುತ್ತಾರೆಂದು ನಂಬಿ ಹೊರಡುವುದು ನನಗೆ ಬುದ್ಧಿವಂತಿಕೆಯಾಗಿ ತೋರುವುದಿಲ್ಲ.

ಟೈರಿನ ಒತ್ತಡ ತೋರಿಸುವ ಉಪಕರಣ ಬಂದಿದೆಯಲ್ಲ, ಕ್ಯಾಮೆರಾ ಯಾಕೆ ಎಂಬುದು ತೂಕವಿರುವ ಆಕ್ಷೇಪ. ಕಾರಿನ ಟೈರುಗಳ ವಾಲ್ವಿಗೆ ಪುಟ್ಟ ಸಂವೇದಕಗಳನ್ನು ತಿರುಗಿಸಿ ಕೂರಿಸಿದರೆ ಗಾಳಿ ಇಳಿದೊಡನೆ ಚಾಲಕನ ಮುಂದಿನ ಪೆಟ್ಟಿಗೆ ಕೂಗುತ್ತದೆ. ಟೈರಿನ ಮಟ್ಟಿಗೆ ಇದು ಕ್ಯಾಮೆರಾಕ್ಕಿಂತ ಮೇಲು ಎಂಬುದನ್ನು ಒಪ್ಪಲೇಬೇಕು. ಗಾಳಿ ನಿಧಾನವಾಗಿ ಇಳಿಯುವುದನ್ನು ಕ್ಯಾಮೆರಾ ತೋರಿಸುವ ಹೊತ್ತಿಗೆ ಟೈರು ಕೆಟ್ಟೇ ಹೋಗಿರುತ್ತದೆ. ಮೇಲೆ ಕೂತ ಕ್ಯಾಮೆರಾಕ್ಕೆ ಹಿಂದಿನ ಕಾರಿನ ಬಾನೆಟ್ಟು, ಮುಂಗಾಜು, ಟೋ ಬಾರು ಚೆನ್ನಾಗಿ ಕಾಣುತ್ತವೆ, ಮುಂಚಕ್ರಗಳು ಅರ್ಧಂಬರ್ಧ ಕಾಣುತ್ತವೆ, ಹಿಂಚಕ್ರಗಳು ಕಾಣುವುದೇ ಇಲ್ಲ. ಹಾಗೆಂದು ಎರಡರಲ್ಲಿ ಒಂದನ್ನು ಆರಿಸಬೇಕೆಂದು ಯಾರು ಹೇಳಿದರು? ಒತ್ತಡದ ಉಪಕರಣಕ್ಕೆ ಗೊತ್ತಿರುವುದು ಒತ್ತಡ ಒಂದೇ. ಬ್ರೇಕು ಹಿಡಿದುಕೊಂಡದ್ದು, ಚೈನು ನೆಲಕ್ಕೆ ತಾಗಿ ಎಳೆದುಕೊಂಡು ಬರುತ್ತಿರುವುದು, ಟೋ ಬಾರಿನ ಪಿನ್ನು ಸಡಿಲವಾಗಿ ಕಾರು ಒಂದು ಪಕ್ಕಕ್ಕೆ ಸರಿದದ್ದು, ಹಿಂದೊಬ್ಬ ಅತಿ ಹತ್ತಿರ ಬಂದಿರುವುದು, ಇದಾವುದೂ ಅದಕ್ಕೆ ತಿಳಿಯದು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದುಡ್ಡಿಗೆ ತಾಪತ್ರಯವಾಗಿ ಮೊದಲು ಒಂದನ್ನೇ ಕೊಳ್ಳುವುದಾದರೆ ಯಾವುದು ಎಂದು ಕೇಳಿದರೆ, ಎಳೆಯುವವರು ಒತ್ತಡದ ಉಪಕರಣವನ್ನೇ ಮೊದಲು ಕೊಳ್ಳಲಿ ಎನ್ನುತ್ತೇನೆ. ಆದರೆ ಇಂದಿನ ಬಹುತೇಕ ದೊಡ್ಡ ಮೋಟರ್‌ಹೋಮುಗಳಿಗೆ ಕ್ಯಾಮೆರಾ ಕೊಳ್ಳುವಾಗಲೇ ಬಂದಿರುತ್ತದೆ. ಆರಿಸಿಟ್ಟಿರುವುದನ್ನು ಹೊತ್ತಿಸುವುದಷ್ಟೇ ಬಾಕಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಗಮನಕ್ಕೆ ಸಂಬಂಧಪಟ್ಟದ್ದು. ಸದಾ ಚಲಿಸುವ ಚಿತ್ರವೊಂದು ಕಣ್ಣ ಮುಂದಿದ್ದರೆ ಚಾಲಕ ರಸ್ತೆ ಬಿಟ್ಟು ಅದನ್ನೇ ನೋಡುತ್ತಾನೆ, ಅದಕ್ಕೇ ಅಮೆರಿಕದ ಕೇಂದ್ರ ನಿಯಮವೇ ಹಿಂದಕ್ಕೆ ಬರುವುದು ಮುಗಿದ ಮೇಲೆ ಚಿತ್ರ ತೆಗೆದುಬಿಡಿ ಎನ್ನುತ್ತದೆ ಎಂಬುದು ಆ ವಾದ. ನಿಯಮದಲ್ಲಿ ಹಾಗಿರುವುದು ನಿಜವೇ. ಗಾಡಿ ಮುಂದಕ್ಕೆ ಹೊರಟು ಗಂಟೆಗೆ 10 ಮೈಲಿ ವೇಗ ಮುಟ್ಟಿದಾಗಲೋ, 10 ಮೀಟರ್ ಸಾಗಿದಾಗಲೋ, 10 ಸೆಕೆಂಡು ಕಳೆದಾಗಲೋ ಹಿಂದಕ್ಕೆ ಬರುವ ಘಟ್ಟ ಮುಗಿಯಿತೆಂದು ಅದು ಗೆರೆ ಎಳೆಯುತ್ತದೆ. ಆದರೆ ಆ ನಿಯಮ ಅನ್ವಯಿಸುವುದು 10,000 ಪೌಂಡು, ಅಂದರೆ 4,536 ಕಿಲೋಗ್ರಾಂ ಒಳಗಿನ ವಾಹನಗಳಿಗೆ ಮಾತ್ರ. ದೊಡ್ಡ ಮೋಟರ್‌ಹೋಮುಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಅಷ್ಟೇ ಅಲ್ಲ, ಆ ನಿಯಮ ಕೇಳುವ ಚಿತ್ರವೇ ಬೇರೆ. ವಾಹನದ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ನೆಲ ಕಾಣಬೇಕು, ಅಲ್ಲಿ ಮಗು ನಿಂತಿದ್ದರೆ ತಿಳಿಯಬೇಕು ಎಂಬುದು ಅದರ ಉದ್ದೇಶ. ನೆಲಕ್ಕೆ ಮುಖ ಮಾಡಿದ ಅಂಥ ಚಿತ್ರ ಹೆದ್ದಾರಿಯಲ್ಲಿ ಓಡುವವನಿಗೆ ಯಾವ ಉಪಯೋಗಕ್ಕೂ ಬಾರದು, ಒಳಗಿನ ಕನ್ನಡಿ ಇರುವ ಕಾರಿನಲ್ಲಿ ಅದು ಬರೀ ಗೊಂದಲ, ತೆಗೆಸಿದ್ದು ಸರಿ. ಒಳಗನ್ನಡಿಯೇ ಇಲ್ಲದ ಗಾಡಿಗೆ ಅದೇ ತರ್ಕ ಹೂಡಲು ಬರುವುದಿಲ್ಲ. 1956ರ ಯೋಚನೆಗೆ ಜನರಲ್ ಮೋಟರ್ಸ್ ಕಂಪನಿಯೇ 60 ವರ್ಷದ ಮೇಲೆ ಮರಳಿತೆಂಬುದನ್ನೂ ಇಲ್ಲಿ ನೆನೆಯಬೇಕು. 2016ರ ಕ್ಯಾಡಿಲಾಕ್ ಸಿಟಿ6 ಕಾರಿನ ಒಳಗನ್ನಡಿಯಲ್ಲೇ ಹಿಂಬದಿ ಕ್ಯಾಮೆರಾದ ಚಿತ್ರ ಹರಿಯುವ ವ್ಯವಸ್ಥೆ ಬಂತು, ಓಡುವಾಗಲೂ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆ ಚಾಲಕನಿಗೆ ಕಾಣುವಂತೆ ವಿಡಿಯೊ ಓಡಿಸುವುದನ್ನು ನಿಷೇಧಿಸುತ್ತದೆ. ಹಾಗಿದ್ದೂ, ವಾಹನ ನಡೆಸುವ ಸಲುವಾಗಿ ಹಿಂದಿನ ಮುಂದಿನ ಪಕ್ಕದ ನೋಟಕ್ಕೆ ನೆರವಾಗುವ ಪರದೆಗೆ ಅದೇ ಕಲಮಿನಲ್ಲಿ ವಿನಾಯಿತಿ ಕೊಟ್ಟಿದೆ.

ಕಾನೂನು ಏನೇ ಹೇಳಲಿ, ಕಣ್ಣಿನ ಪ್ರಶ್ನೆ ಉಳಿದೇ ಇದೆ. ಎಳೆಯುವ ವಾಹನಗಳಿಗೆ ಕ್ಯಾಲಿಫೋರ್ನಿಯಾದಲ್ಲಿರುವ ವೇಗಮಿತಿ ಗಂಟೆಗೆ 55 ಮೈಲಿ. ಆ ವೇಗದಲ್ಲಿ ಗಾಡಿ ಎರಡು ಸೆಕೆಂಡಿಗೆ 49 ಮೀಟರ್ ಸಾಗುತ್ತದೆ. ಅಷ್ಟು ದೂರ ಕುರುಡಾಗಿ ಹೋಗುವುದು ಯಾವ ಕಾರಣಕ್ಕೂ ಸಲ್ಲದು. ವರ್ಜೀನಿಯಾ ಟೆಕ್‌ನ ಸಾರಿಗೆ ಸಂಶೋಧನಾ ಸಂಸ್ಥೆ ನೂರು ಕಾರುಗಳಿಗೆ ಉಪಕರಣ ಕಟ್ಟಿ, ಜನ ದಿನನಿತ್ಯ ಹೇಗೆ ಓಡಿಸುತ್ತಾರೆಂದು ದೀರ್ಘಕಾಲ ಗಮನಿಸಿತ್ತು. ಕಣ್ಣು ಎರಡು ಸೆಕೆಂಡಿಗೂ ಹೆಚ್ಚು ಕಾಲ ರಸ್ತೆಯಿಂದ ಆಚೆ ಹೋದರೆ ಅಪಘಾತದ ಅಪಾಯ ಕನಿಷ್ಠ ಎರಡು ಪಟ್ಟಾಗುತ್ತದೆ ಎಂಬುದು 2006ರಲ್ಲಿ ಬಂದ ಅದರ ವರದಿಯ ಮಾತು. ಇದನ್ನು ಪರದೆಯ ವಿರೋಧಿಗಳು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ. ಅದೇ ವರದಿಯ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ಸುತ್ತಲಿನ ಸಂಚಾರವನ್ನು ಗಮನಿಸಲೆಂದು ಹಾಯಿಸುವ ಚುಟುಕು ನೋಟಗಳು ಅಪಾಯವನ್ನು ಹೆಚ್ಚಿಸುವುದಿರಲಿ, ತಗ್ಗಿಸುತ್ತವೆ. ಅಂದಮೇಲೆ ಪರದೆ ಇರಬೇಕೇ ಬೇಡವೇ ಎಂಬ ಚರ್ಚೆ ಅದನ್ನು ಎಲ್ಲಿ ಇಡಬೇಕು, ಹೇಗೆ ನೋಡಬೇಕು ಎಂಬುದಕ್ಕೆ ತಿರುಗಬೇಕು. ಕೆಳಗೆ, ರೇಡಿಯೊ ಇರುವ ಜಾಗದಲ್ಲಿ ಇಟ್ಟ ಪರದೆ ಕೆಟ್ಟದ್ದು, ಕಣ್ಣು ರಸ್ತೆಯಿಂದ ಪೂರ್ತಿ ಇಳಿಯಬೇಕಾಗುತ್ತದೆ. ಮುಂಗಾಜಿನ ಮೇಲುಭಾಗದಲ್ಲಿ, ಕಾರಿನಲ್ಲಿ ಒಳಗನ್ನಡಿ ಇರುವ ತಾವಿನಲ್ಲಿ, ಅಥವಾ ಎಡಗನ್ನಡಿಯ ಪಕ್ಕದಲ್ಲಿ ಇಟ್ಟರೆ ಹಳೆಯ ಅಭ್ಯಾಸವೇ ಕೆಲಸ ಮಾಡುತ್ತದೆ. ಎಡಗನ್ನಡಿ, ಪರದೆ, ಬಲಗನ್ನಡಿ ಎಂದು ಕಣ್ಣು ಹಾಯಿಸಿ ರಸ್ತೆಗೆ ಮರಳುವುದಕ್ಕೆ ಎಷ್ಟು ಹೊತ್ತು ಬೇಕು? ರಾತ್ರಿ ಪರದೆಯ ಬೆಳಕು ತಗ್ಗಿಸಬೇಕು. ಪಕ್ಕದಲ್ಲಿ ಕೂತವರು ಅದರಲ್ಲಿ ಬೇರೇನನ್ನೂ ಹಾಕದಂತೆ ನೋಡಿಕೊಳ್ಳಬೇಕು, ಆ ಹೊಣೆಯನ್ನಂತೂ ಯಾವ ನಿಯಮವೂ ಹೊರಲಾರದು.

ಕ್ಯಾಮೆರಾ ಸುಳ್ಳು ಹೇಳುತ್ತದೆ ಎಂಬ ದೂರೂ ಇದೆ, ಅದರಲ್ಲಿ ಹುರುಳೂ ಇದೆ. ಅಗಲ ನೋಟದ ಮಸೂರ ದೂರವನ್ನು ಹಿಗ್ಗಿಸುತ್ತದೆ, ಹತ್ತಿರದ ಕಾರು ಎಷ್ಟೋ ಹಿಂದಿರುವಂತೆ ತೋರುತ್ತದೆ. ಆ ಚಿತ್ರವನ್ನು ನಂಬಿ ಲೇನು ಬದಲಿಸಿದವನು ಪಕ್ಕದ ಕಾರಿಗೆ ಮೈ ತಾಗಿಸುತ್ತಾನೆ. ಲೇನು ಬದಲಿಸಲು ಕನ್ನಡಿಯೇ ಗತಿ, ಕ್ಯಾಮೆರಾ ಅದರ ಬದಲಿಗೆ ಬಂದದ್ದಲ್ಲ. ಹಿಂದೆ ಯಾರಾದರೂ ಇದ್ದಾರೆಯೇ ಎಂಬುದನ್ನು ಕ್ಯಾಮೆರಾದಿಂದ ತಿಳಿಯಬಹುದು, ಎಷ್ಟು ದೂರದಲ್ಲಿದ್ದಾರೆ ಎಂಬುದನ್ನಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ದೋಷ ಬೇರೆ. ತಂತಿಯಿಲ್ಲದ ಅಗ್ಗದ ಕ್ಯಾಮೆರಾಗಳು ವೈಫೈ ಓಡಾಡುವ 2.4 ಗಿಗಾಹರ್ಟ್ಸ್ ತರಂಗಗಳ ಗದ್ದಲದಲ್ಲೇ ಕೆಲಸ ಮಾಡುತ್ತವೆ, 12 ಮೀಟರಿನ ಲೋಹ ತುಂಬಿದ ಮನೆಯನ್ನು ದಾಟಿ ಬರುವಷ್ಟರಲ್ಲಿ ಸಂಕೇತ ಸೊರಗುತ್ತದೆ. ಹಳೆಯ ಅನಲಾಗ್ ಬಗೆಯದಾದರೆ ಚಿತ್ರದಲ್ಲಿ ಹಿಮ ಸುರಿದಂತೆ ಚುಕ್ಕೆ ಬಂದು ಕೆಟ್ಟದ್ದು ಗೊತ್ತಾಗುತ್ತದೆ, ಕೆಲವೊಮ್ಮೆ ಪಕ್ಕದ ಗಾಡಿಯ ಕ್ಯಾಮೆರಾ ಚಿತ್ರವೇ ನಮ್ಮ ಪರದೆಗೆ ಬಂದುಬಿಡುವ ತಮಾಷೆಯೂ ಉಂಟು. ಡಿಜಿಟಲ್ ಬಗೆಯದು ಹಾಗಲ್ಲ. ಅದರ ಚಿತ್ರ ಕೊನೆಯ ಚೌಕಟ್ಟಿನಲ್ಲಿ ಹೆಪ್ಪುಗಟ್ಟಿ ನಿಂತುಬಿಡಬಹುದು, ಸ್ಪಷ್ಟವಾಗಿ, ಸುಂದರವಾಗಿ. ಎಲ್ಲ ಸರಿಯಿದೆ ಎಂದು ತೋರಿಸುವ ಹಳೆಯ ಚಿತ್ರ ಖಾಲಿ ಪರದೆಗಿಂತ ಕೇಡು. ಪರದೆ ನೋಡುವಾಗ ಹಿಂದಿನ ಕಾರನ್ನಷ್ಟೇ ನೋಡದೆ ಅದರ ಅಕ್ಕಪಕ್ಕ ಹಿಂದಕ್ಕೆ ಓಡುವ ರಸ್ತೆಯ ಬಿಳಿ ಗೆರೆಗಳನ್ನೂ ನೋಡುವ ರೂಢಿ ಮಾಡಿಕೊಂಡರೆ ಈ ಮೋಸ ಕೂಡಲೇ ಸಿಕ್ಕಿಬೀಳುತ್ತದೆ. ಆಗುವವರು ತಂತಿ ಎಳೆಸಿಬಿಡುವುದೇ ಮೇಲು. ಕೆಲಸ ಒಂದು ದಿನದ್ದು, ನೆಮ್ಮದಿ ಗಾಡಿ ಇರುವವರೆಗೆ.

ತಂತಿಯ ಮಾತು ಬಂತು, ವಾದವೆಲ್ಲ ಕೊನೆಗೆ ನಿಲ್ಲುವುದೂ ತಂತಿಯಲ್ಲೇ. ಕ್ಯಾಮೆರಾಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದನ್ನು ಕೊಳ್ಳುವವರು ಕೇಳುವುದೇ ಇಲ್ಲ. ರಿವರ್ಸ್ ದೀಪದ ತಂತಿಯಿಂದ ಕೊಟ್ಟರೆ ಅದು ಹಿಂದಕ್ಕೆ ತೆಗೆಯುವಾಗ ಮಾತ್ರ ಜೀವ ಪಡೆಯುತ್ತದೆ. ಹಿಂಬದಿಯ ಗುರುತು ದೀಪಗಳ ತಂತಿಯಿಂದ ಕೊಟ್ಟಿರುವುದೂ ಉಂಟು, ಆಗ ಹಗಲಲ್ಲೂ ದೀಪ ಹಾಕಿಕೊಂಡೇ ಓಡಿಸಬೇಕು, ಅದರಿಂದ ನಷ್ಟವೇನಿಲ್ಲ. ಇಗ್ನಿಷನ್ ಕೀಲಿ ತಿರುಗಿಸಿದೊಡನೆ ಹರಿಯುವ ತಂತಿಗೆ ಜೋಡಿಸಿದರೆ ಎಲ್ಲಕ್ಕಿಂತ ಸರಿ. ನೋಟದ ಕೋನವೂ ಮುಖ್ಯ. ಚಿತ್ರದ ಕೆಳಗಿನ ಅಂಚಿನಲ್ಲಿ ಟೋ ಬಾರು, ನಡುವೆ ಎಳೆಯುವ ಕಾರು, ಮೇಲೆ ಅದರ ತಲೆಯಾಚೆಗಿನ ರಸ್ತೆ ಇವಿಷ್ಟೂ ಬರುವಂತೆ ಕ್ಯಾಮೆರಾ ತಿರುಗಿಸಿಡಬೇಕು, ಹಿಂದಕ್ಕೆ ತೆಗೆಯಲು ಬೇಕಾದಷ್ಟು ಕೆಳಕ್ಕೆ ಬಗ್ಗಿಸಿದರೆ ರಸ್ತೆ ಹೋಗುತ್ತದೆ. ಅದಕ್ಕೇ ಕೆಲವರು ಎರಡು ಕ್ಯಾಮೆರಾ ಹಾಕಿಸುತ್ತಾರೆ. ಇನ್ನು ಕೊಳೆ. ಚಪ್ಪಟೆ ಗೋಡೆಯಂಥ ಹಿಂಭಾಗದಲ್ಲಿ ಗಾಳಿಯ ಒತ್ತಡ ಇಳಿದು, ಸುಳಿಯೆದ್ದು, ರಸ್ತೆಯ ಧೂಳೂ ಕೆಸರ ಹನಿಯೂ ಅಲ್ಲಿಗೇ ಬಂದು ಅಂಟುತ್ತವೆ. ಹಿಂದೆ ಇಂಜಿನ್ ಇರುವ ಡೀಸೆಲ್ ಗಾಡಿಯಾದರೆ ಹೊಗೆಯ ಮಸಿಯೂ ಸೇರುತ್ತದೆ. ಡೀಸೆಲ್ ಹಾಕಿಸಲು ನಿಲ್ಲಿಸಿದಾಗಲೆಲ್ಲ ಮುಂಗಾಜು ಒರೆಸುವ ಕೈ ಉದ್ದ ಕೋಲಿನ ಬಟ್ಟೆಯಿಂದ ಹಿಂದಿನ ಮಸೂರವನ್ನೂ ಒರೆಸಬೇಕು.

ಬಾಲ ಹಿಡಿದು ಬರುವವನು ಕಂಡರೆ ತಾನೇ ಏನು ಮಾಡಲಾದೀತು, ನೋಡಿ ಕೊರಗುವುದೇಕೆ ಎನ್ನುವವರಿಗೂ ಒಂದು ಮಾತು. ಮಾಡಲು ಬೇಕಾದಷ್ಟಿದೆ. ಹಿಂದೆ ಒಬ್ಬ ಅಂಟಿಕೊಂಡಿದ್ದಾನೆಂದು ಗೊತ್ತಿರುವವನು ಮುಂದಿನ ವಾಹನಕ್ಕೆ ಇನ್ನಷ್ಟು ಅಂತರ ಬಿಟ್ಟು, ಬ್ರೇಕನ್ನು ಮೊದಲೇ ಮೆಲ್ಲಗೆ ಒತ್ತಿ, ಹಿಂದಿನವನಿಗೂ ನಿಲ್ಲಲು ಅವಕಾಶ ಕೊಡುತ್ತಾನೆ. ಘಟ್ಟದ ರಸ್ತೆಯಲ್ಲಿ ಇದು ಬರೀ ಸೌಜನ್ಯವಲ್ಲ. ಹಿಂದಿಕ್ಕಲು ಆಸ್ಪದವಿಲ್ಲದ ಎರಡು ಲೇನಿನ ರಸ್ತೆಯಲ್ಲಿ ನಿಧಾನವಾಗಿ ಹೋಗುವ ವಾಹನದ ಹಿಂದೆ ಐದು ಅಥವಾ ಹೆಚ್ಚು ವಾಹನಗಳು ಸಾಲುಗಟ್ಟಿದರೆ, ಬದಿಗೆ ಸರಿಯಲು ಜಾಗ ಸಿಕ್ಕ ಮೊದಲ ಕಡೆಯೇ ಸರಿದು ದಾರಿ ಬಿಡಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಯೊಸೆಮಿಟಿ ಕಡೆಯ ಏರುದಾರಿಗಳಲ್ಲಿ ಇದು ದಿನವೂ ಬರುವ ಪ್ರಸಂಗ. ಬೆನ್ನ ಹಿಂದಿನ 50 ಮೀಟರ್ ಕಾಣದವನು ಐದನ್ನು ಎಣಿಸುವುದು ಹೇಗೆ?

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಇಲ್ಲಿಯೂ ಯೋಚನೆ ನಿಂತಿರುವುದು ರಿವರ್ಸ್ ಗೇರಿನಲ್ಲೇ. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸದ ಪ್ರಸ್ತಾಪ ಬಂದಿದ್ದರೂ, ಹಿಂದೆ ಕಾರು ಕಟ್ಟಿಕೊಂಡು ಮನೆಯನ್ನೇ ಓಡಿಸುವ ರೂಢಿ ನಮ್ಮ ರಸ್ತೆಗಳಿಗೆ ಇನ್ನೂ ಬಂದಿಲ್ಲ. ನಮ್ಮ ಬಸ್ಸು ಲಾರಿಗಳ ಹಿಂದೆ ನಿಂತು ಬರಲಿ ಬರಲಿ ಎಂದು ಕೂಗುವ ಕಂಡಕ್ಟರನೋ ಕ್ಲೀನರನೋ ಹಿಂದಕ್ಕೆ ತೆಗೆಯುವ ಕೆಲಸಕ್ಕೆ ಯಾವ ಕ್ಯಾಮೆರಾಕ್ಕಿಂತಲೂ ಉತ್ತಮ. ಮೇಲಿನ ಮರದ ಕೊಂಬೆ, ಪಕ್ಕದ ಚರಂಡಿ ಎರಡನ್ನೂ ಅವನು ಒಟ್ಟಿಗೆ ನೋಡಬಲ್ಲ. ಮೋಟರ್‌ಹೋಮಿನವರೂ ಹಿಂದಕ್ಕೆ ತೆಗೆಯುವಾಗ ಒಬ್ಬರನ್ನು ಕೆಳಗಿಳಿಸಿ ನಿಲ್ಲಿಸುವುದೇ ಸರಿ, ಕ್ಯಾಮೆರಾ ಇದೆಯೆಂದು ಅದನ್ನು ಬಿಡಬಾರದು. ಆದರೆ ಹೆದ್ದಾರಿಯಲ್ಲಿ ಓಡುವಾಗ ಹಿಂದೆ ಯಾರನ್ನೂ ನಿಲ್ಲಿಸಲಾಗದು.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ಊರಿಂದ ಅಪ್ಪ ಅಮ್ಮ ಬಂದಾಗ ಯೆಲ್ಲೊಸ್ಟೋನಿಗೋ ಗ್ರ್ಯಾಂಡ್ ಕ್ಯಾನಿಯನ್‌ಗೋ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಹೊರಡುವುದುಂಟು. ಕಾರು ಮಾತ್ರ ಓಡಿಸಿ ಅಭ್ಯಾಸವಿರುವವರ ಕೈಗೆ ಅರ್ಧ ತಾಸಿನ ವಿವರಣೆಯೊಡನೆ ಕೀಲಿ ಬರುತ್ತದೆ. ಒಲೆ ಹಚ್ಚುವುದು ಹೇಗೆ, ಕೊಳಕು ನೀರು ಬಿಡುವುದು ಎಲ್ಲಿ ಎಂಬುದನ್ನೆಲ್ಲ ಬಾಡಿಗೆಗೆ ಕೊಡುವವರು ತಾವಾಗಿಯೇ ಹೇಳುತ್ತಾರೆ. ಕ್ಯಾಮೆರಾದ ವಿಷಯವನ್ನು ನೀವೇ ಕೇಳಬೇಕಾದೀತು. ಅಂಗಳದಲ್ಲೇ ಇಂಜಿನ್ ಚಾಲೂ ಮಾಡಿಸಿ, ಗೇರನ್ನು ಮುಂದಕ್ಕೆ ಹಾಕಿಸಿ, ನಾಲ್ಕು ಮಾರು ಓಡಿಸಿ ನೋಡಿ. ಚಿತ್ರ ಉಳಿಯಿತೇ, ಹೋಯಿತೇ? ಹೋದರೆ ಅದನ್ನು ಉಳಿಸುವ ಗುಂಡಿ ಎಲ್ಲಿದೆ ಎಂದು ಕೇಳಿ. ಅಂಥ ಗುಂಡಿ ಇಲ್ಲವೆಂದರೆ ಬೇರೆ ಗಾಡಿ ಕೊಡಿ ಎನ್ನಲು ಸಂಕೋಚಪಡಬೇಡಿ.